ಕಚೇರಿಯ ಕೋಣೆಗೆ ಟಿವಿ ತಂಡದ ಹೊಸ ರೂಪ: ಪದೇ ಪದೇ ಕೇಳುವ ಪ್ರಶ್ನೆಗಳು

ಟಿವಿ ಕಾರ್ಯಕ್ರಮದವರು ಬಂದು ಕಚೇರಿಯ ಒಂದು ಕೋಣೆಯನ್ನು ಚೆಂದ ಮಾಡಿಕೊಡುತ್ತಾರೆ ಎಂದ ಕೂಡಲೇ ಎಲ್ಲರ ಮಾತೂ ಬಣ್ಣ, ಸೋಫಾ, ಪರದೆಗಳ ಸುತ್ತ ತಿರುಗುತ್ತದೆ. ಆದರೆ ಆ ಕೋಣೆ ತಂಡಕ್ಕೆ ಬೇಕಾಗಿರುವುದು ಕೆಲವೇ ದಿನ, ನಿಮಗೆ ಬೇಕಾಗಿರುವುದು ಹಲವು ವರ್ಷ. ಕೆಳಗಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಅಂತರದಿಂದಲೇ. ಕಚೇರಿಯ ಆಡಳಿತ ನೋಡಿಕೊಳ್ಳುವವರನ್ನೂ ದಿನಾ ಅದೇ ಕೋಣೆಯಲ್ಲಿ ಕೂತು ಊಟ ಮಾಡುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದ್ದೇವೆ.

ಯಾವ ಕೋಣೆಯನ್ನು ಕೊಡುವುದು ಒಳ್ಳೆಯದು?

ಊಟದ ಕೋಣೆ ಅಥವಾ ವಿಶ್ರಾಂತಿ ಕೋಣೆ. ಒಂದು ವಾರ ಮುಚ್ಚಿದರೂ ಕೆಲಸ ನಿಲ್ಲುವುದಿಲ್ಲ, ಗುಟ್ಟಿನ ಕಾಗದಪತ್ರ ಇರುವುದಿಲ್ಲ, ಬದಲಾವಣೆಯ ಲಾಭವೂ ಎಲ್ಲರಿಗೂ ಸಿಗುತ್ತದೆ. ಸರ್ವರ್ ಇರುವ ಕೋಣೆ, ಕಡತಗಳ ಕೋಣೆ, ಗ್ರಾಹಕರು ಬಂದು ಹೋಗುವ ಸ್ವಾಗತ ಜಾಗ ಬೇಡ. ಪುಟ್ಟಿ ಉಜ್ಜುವಾಗ ಏಳುವ ಹುಡಿ ಹಿಟ್ಟಿನಷ್ಟು ನಯ. ಬಾಗಿಲ ಸಂದಿಯಲ್ಲಿ ತೂರಿ ಕಂಪ್ಯೂಟರ್ ಫ್ಯಾನಿನೊಳಗೆ ಹೋಗಿ ಕೂರುತ್ತದೆ.

ಕೆಲಸ ಎಷ್ಟು ದಿನ ಹಿಡಿಯುತ್ತದೆ?

ಪರದೆಯ ಮೇಲೆ ಎರಡು ದಿನ ಎಂದು ತೋರಿಸುವುದು ಹಳೆಯ ರೂಢಿ. ಬಿಬಿಸಿಯಲ್ಲಿ 1996ರಲ್ಲಿ ಶುರುವಾದ ‘ಚೇಂಜಿಂಗ್ ರೂಮ್ಸ್’ ಕಾರ್ಯಕ್ರಮದ ಗಡುವು ಎರಡು ದಿನವಾಗಿತ್ತು. ಅದರದೇ ಮಾದರಿಯಲ್ಲಿ 2000ದಲ್ಲಿ ಅಮೆರಿಕದಲ್ಲಿ ಬಂದ ‘ಟ್ರೇಡಿಂಗ್ ಸ್ಪೇಸಸ್’ ಕೂಡ ಅದನ್ನೇ ಉಳಿಸಿಕೊಂಡಿತು. ಗಡುವು ಇದ್ದರೆ ನೋಡುವವರಿಗೆ ಕುತೂಹಲ ಹೆಚ್ಚು, ನಿಜ. ಆದರೆ ಪುಟ್ಟಿ ಒಣಗಲು, ಅಂಟು ಹಿಡಿಯಲು, ಬಣ್ಣ ಗಟ್ಟಿಯಾಗಲು ಬೇಕಾದ ಸಮಯ ಗಡುವನ್ನು ನೋಡಿ ಕಡಿಮೆಯಾಗುವುದಿಲ್ಲ.

ನಿಮ್ಮ ಲೆಕ್ಕ ಹೀಗಿರಲಿ: ಜಾಗ ನೋಡಿ ಅಳತೆ ತೆಗೆಯಲು ಅರ್ಧ ದಿನ, ಅದೂ ಎರಡು ಮೂರು ವಾರ ಮೊದಲೇ. ಕೋಣೆ ಖಾಲಿ ಮಾಡಲು ಒಂದು ದಿನ. ಕೆಲಸ, ಚಿತ್ರೀಕರಣ ಸೇರಿ ಎರಡರಿಂದ ನಾಲ್ಕು ದಿನ. ಅದಾದ ಮೇಲೆ ಕೋಣೆಯನ್ನು ಇನ್ನೂ ಮೂರು ದಿನ ಸುಮ್ಮನೆ ಬಿಡಿ. ಆ ಕೊನೆಯ ಮೂರು ದಿನವನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಮೇಲೆ ಕಾಣುವ ತೊಂದರೆಗಳಲ್ಲಿ ಬಹಳಷ್ಟು ಅಲ್ಲಿಂದಲೇ ಶುರುವಾಗುತ್ತವೆ.

ಒಪ್ಪಂದದಲ್ಲಿ ಏನೇನು ಬರೆಸಿಕೊಳ್ಳಬೇಕು?

ಕಟ್ಟಡ ಬಾಡಿಗೆಯದಾದರೆ ಮೊದಲು ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಖಾಲಿ ಮಾಡುವಾಗ ಕೋಣೆಯನ್ನು ಮೊದಲಿನಂತೆ ಮಾಡಿಕೊಡಬೇಕು ಎಂಬ ಷರತ್ತು ಬಹಳಷ್ಟು ಬಾಡಿಗೆ ಕರಾರುಗಳಲ್ಲಿ ಇರುತ್ತದೆ, ಅದರ ಖರ್ಚು ಯಾರದೆಂದು ಈಗಲೇ ತೀರ್ಮಾನವಾಗಲಿ. ಹಾನಿ ಅಥವಾ ಗಾಯವಾದರೆ ಹೊಣೆ ಹೊರುವ ವಿಮೆ ನಿರ್ಮಾಣ ಸಂಸ್ಥೆಯ ಹೆಸರಿನಲ್ಲಿ ಇದೆಯೇ ಎಂದು ಕೇಳಿ, ಪ್ರಮಾಣಪತ್ರದ ಪ್ರತಿಯನ್ನು ಕೈಗೆ ತೆಗೆದುಕೊಳ್ಳಿ. ಹೊಸ ಪೀಠೋಪಕರಣ ಚಿತ್ರೀಕರಣದ ನಂತರ ನಿಮ್ಮದೋ, ವಾಪಸ್ ಹೋಗುವುದೋ ಎಂಬುದು ವಸ್ತುವಾರು ಪಟ್ಟಿಯಾಗಿ ಬರಲಿ. ಕ್ಯಾಮೆರಾಕ್ಕೆಂದು ಬಾಡಿಗೆಗೆ ತಂದ ದೀಪ, ಗಿಡ, ಚಿತ್ರಪಟಗಳು ಮಾರನೆಯ ದಿನ ಲಾರಿ ಹತ್ತುವುದು ಮಾಮೂಲು. ಪಟ್ಟಿ ಇದ್ದರೆ ಆಗ ಯಾರಿಗೂ ಬೇಸರವಿಲ್ಲ. ತೆಗೆದ ಹಳೆಯ ಸಾಮಾನು ಎಲ್ಲಿಗೆ ಹೋಗುತ್ತದೆ, ಕಸ ಸಾಗಿಸುವವರು ಯಾರು ಎಂಬುದನ್ನೂ ಸೇರಿಸಿ.

ಸಂಕಲನವಾದ ಸಂಚಿಕೆಯನ್ನು ಪ್ರಸಾರಕ್ಕೆ ಮೊದಲು ನೋಡಿ ತಿದ್ದುವ ಹಕ್ಕು ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ ತೋರಿಸಬಾರದ್ದು ಏನೆಂದು ಚಿತ್ರೀಕರಣಕ್ಕೆ ಮೊದಲೇ ಬರೆದು ಕೊಡಿ.

ನನಗೆ ಕ್ಯಾಮೆರಾ ಮುಂದೆ ಬರಲು ಇಷ್ಟವಿಲ್ಲ. ಬಲವಂತ ಮಾಡಬಹುದೇ?

ಮಾಡಬಾರದು. ಸಂಸ್ಥೆ ಸಹಿ ಹಾಕಿದ್ದು ಜಾಗಕ್ಕೆ ಮಾತ್ರ, ನಿಮ್ಮ ಮುಖಕ್ಕೂ ಧ್ವನಿಗೂ ಅಲ್ಲ. ಅದಕ್ಕೆ ಪ್ರತಿಯೊಬ್ಬರಿಗೂ ಬೇರೆ ಒಪ್ಪಿಗೆ ಪತ್ರ ಇರುತ್ತದೆ. ಬೇಡ ಎನ್ನುವವರ ಹೆಸರನ್ನು ಮೊದಲೇ ತಂಡಕ್ಕೆ ತಿಳಿಸಿ, ಅವರು ಓಡಾಡಲು ಚಿತ್ರೀಕರಣವಿಲ್ಲದ ಬೇರೆ ದಾರಿ ತೋರಿಸಿ. ಮೇಲಧಿಕಾರಿಯ ಎದುರು ನಿಲ್ಲಿಸಿ ‘ನೀವೂ ಬರ್ತೀರಲ್ಲ?’ ಎಂದು ಕೇಳಿದರೆ ಅದೂ ಬಲವಂತವೇ. ಈ ಪಟ್ಟಿಯನ್ನು ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳಿ ಮಾಡಿಕೊಳ್ಳುವುದು ಸರಿಯಾದ ಕ್ರಮ.

ತಂಡ ಬರುವ ಮುನ್ನ ನಾವು ಏನು ಮಾಡಿಟ್ಟಿರಬೇಕು?

ಕೋಣೆಯ ನಾಲ್ಕು ಮೂಲೆಯಿಂದಲೂ ಫೋಟೊ ತೆಗೆದಿಡಿ. ನೆಲ, ಛಾವಣಿ, ಸ್ವಿಚ್ ಬೋರ್ಡ್‌ಗಳನ್ನು ಹತ್ತಿರದಿಂದಲೂ ತೆಗೆಯಿರಿ. ಆಮೇಲೆ ‘ಈ ಬಿರುಕು ಮೊದಲೇ ಇತ್ತು’ ಎಂಬ ಮಾತು ಬಂದಾಗ ಇವು ಬೇಕಾಗುತ್ತವೆ. ಬೋರ್ಡಿನ ಮೇಲೆ ಅಂಟಿಸಿದ ಪಾಸ್‌ವರ್ಡ್ ಚೀಟಿ, ಗ್ರಾಹಕರ ಹೆಸರಿರುವ ಕಾಗದ, ಸಿಬ್ಬಂದಿಯ ಫೋನ್ ನಂಬರ್ ಪಟ್ಟಿ ಎಲ್ಲವನ್ನೂ ತೆಗೆಯಿರಿ. ಮಸುಕು ಮಾಡುತ್ತೇವೆ ಎಂದು ಸಂಕಲನದವರು ಹೇಳಿದರೂ, ಅಲ್ಲಿ ಇಲ್ಲದ ಚೀಟಿಯಷ್ಟು ಕ್ಷೇಮ ಬೇರೊಂದಿಲ್ಲ.

‘ಮೊದಲು ಹೀಗಿತ್ತು’ ಎಂಬ ದೃಶ್ಯಕ್ಕಾಗಿ ಕೋಣೆಯನ್ನು ಇದ್ದದ್ದಕ್ಕಿಂತ ಗಲೀಜಾಗಿ ತೋರಿಸುವ ಆಸೆ ಕೆಲವು ತಂಡಗಳಿಗೆ ಇರುತ್ತದೆ. ಇದ್ದ ಹಾಗೆಯೇ ಚಿತ್ರೀಕರಿಸಿ ಎಂದು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ದಿನಾ ಆ ಕೋಣೆಯನ್ನು ಗುಡಿಸಿ ಒರೆಸುವವರ ಮಾನದ ಪ್ರಶ್ನೆಯೂ ಅದರಲ್ಲಿದೆ.

ಗೋಡೆ ಹೊಸ ಬಣ್ಣವನ್ನು ಹಿಡಿದುಕೊಳ್ಳುತ್ತದೆಯೇ ಎಂದು ಹೇಗೆ ತಿಳಿಯುವುದು?

ಮೂರು ಪರೀಕ್ಷೆ ಸಾಕು. ಮೂರನ್ನೂ ತಂಡ ಜಾಗ ನೋಡಲು ಬರುವ ದಿನವೇ ಮಾಡಿಸಬಹುದು.

ಮೊದಲನೆಯದು ತೇವದ್ದು. 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕು ಅಂಚಿಗೂ ಟೇಪ್ ಹಚ್ಚಿ. ಕನಿಷ್ಠ 16 ಗಂಟೆ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಇದ್ದರೆ, ಅಥವಾ ಗೋಡೆ ಅಷ್ಟು ಜಾಗದಲ್ಲಿ ಕಪ್ಪಾಗಿದ್ದರೆ ತೇವ ಗೋಡೆಯೊಳಗಿನಿಂದಲೇ ಬರುತ್ತಿದೆ ಎಂದರ್ಥ. ಅದರ ಮೂಲ ಹುಡುಕದೆ ಬಣ್ಣ ಹೊಡೆದರೆ ಕೆಲವೇ ತಿಂಗಳಲ್ಲಿ ಗುಳ್ಳೆ ಏಳುತ್ತದೆ, ಬಿಳಿ ಉಪ್ಪು ಪುಡಿಪುಡಿಯಾಗಿ ಉದುರುತ್ತದೆ. ಹೊಸದಾಗಿ ಸಿಮೆಂಟ್ ಗಾರೆ ಮಾಡಿದ ಜಾಗವಿದ್ದರೆ ಸುಮಾರು 28 ದಿನ ಕಾಯಬೇಕು.

ಎರಡನೆಯದು ಹಳೆಯ ಬಣ್ಣದ ಹಿಡಿತದ್ದು. ಬ್ಲೇಡಿನಿಂದ ಬಣ್ಣದ ಪದರದ ಮೇಲೆ ಸುಮಾರು 4 ಸೆಂಟಿಮೀಟರ್ ಉದ್ದದ ಎರಡು ಗೀರುಗಳನ್ನು ಗುಣಾಕಾರದ ಚಿಹ್ನೆಯಂತೆ ಎಳೆಯಿರಿ. ಅದರ ಮೇಲೆ ಅಂಟು ಟೇಪನ್ನು ಒತ್ತಿ ಹಚ್ಚಿ, ಒಂದೇ ಸಮನೆ ಹಿಂದಕ್ಕೆ ಎಳೆದು ತೆಗೆಯಿರಿ. ಟೇಪಿನ ಬೆನ್ನಿಗೆ ಬಣ್ಣದ ಚಕ್ಕೆಗಳು ಅಂಟಿ ಬಂದರೆ ಆ ಗೋಡೆಯನ್ನು ಕೆರೆದು, ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಪದರ) ಹಚ್ಚಿಯೇ ಮುಂದುವರಿಯಬೇಕು. ಮೇಲೆ ಎಷ್ಟು ಬೆಲೆಬಾಳುವ ಬಣ್ಣ ಹೊಡೆದರೂ ಅದು ನಿಲ್ಲುವುದು ಕೆಳಗಿನ ಪದರದ ಬಲದ ಮೇಲೆಯೇ.

ಮೂರನೆಯದು, ಹಳೆಯದು ಎಣ್ಣೆ ಬಣ್ಣವೋ ನೀರಿನ ಬಣ್ಣವೋ ಎಂಬುದು. ಹತ್ತಿಗೆ ಸ್ಪಿರಿಟ್ (ಆಲ್ಕೋಹಾಲ್) ಹಾಕಿ ಗೋಡೆಯನ್ನು ಉಜ್ಜಿದಾಗ ಬಣ್ಣ ಮೆತ್ತಗಾಗಿ ಹತ್ತಿಗೆ ಹತ್ತಿದರೆ ನೀರಿನ ಬಣ್ಣ. ಏನೂ ಆಗದಿದ್ದರೆ ಎಣ್ಣೆ ಬಣ್ಣ ಎಂದುಕೊಳ್ಳಿ. ಎಣ್ಣೆ ಬಣ್ಣದ ನುಣುಪಾದ ಮೈಮೇಲೆ ನೇರವಾಗಿ ಎಮಲ್ಷನ್ (ನೀರಿನ ಬಣ್ಣ) ಹೊಡೆದರೆ ಉಗುರು ತಾಗಿದರೂ ಸಿಪ್ಪೆಯಂತೆ ಸುಲಿದು ಬರುತ್ತದೆ. ಮೊದಲು ಉಜ್ಜು ಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ, ಹುಡಿ ಒರೆಸಿ, ನುಣುಪು ಮೈಗೂ ಹಿಡಿಯುವಂಥ ಪ್ರೈಮರ್ ಹಚ್ಚಬೇಕು. ಕಟ್ಟಡ ಹಳೆಯದಾಗಿದ್ದರೆ ಬಣ್ಣದಲ್ಲಿ ಸೀಸ ಇರಬಹುದು, ಹಳೆಯ ಛಾವಣಿ ಹಲಗೆ, ನೆಲದ ಟೈಲ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ಅವನ್ನು ಉಜ್ಜುವುದಾಗಲಿ ಒಡೆಯುವುದಾಗಲಿ ಬೇಡವೇ ಬೇಡ.

ಎಷ್ಟು ಬಣ್ಣ ಬೇಕಾಗುತ್ತದೆ?

ನಯವಾದ ಗೋಡೆಗೆ ಒಂದು ಲೀಟರ್ ಎಮಲ್ಷನ್ ಒಂದು ಕೋಟ್‌ಗೆ ಸುಮಾರು 10 ಚದರ ಮೀಟರ್ ಬರುತ್ತದೆ. 5 ಮೀಟರ್ ಉದ್ದ, 4 ಮೀಟರ್ ಅಗಲ, 2.8 ಮೀಟರ್ ಎತ್ತರದ ಕೋಣೆ ಎಂದುಕೊಳ್ಳಿ. ಗೋಡೆಗಳ ಸುತ್ತಳತೆ 18 ಮೀಟರ್, ಎತ್ತರದಿಂದ ಗುಣಿಸಿದರೆ 50.4 ಚದರ ಮೀಟರ್. ಒಂದು ಬಾಗಿಲು, ಒಂದು ಕಿಟಕಿ ಕಳೆದರೆ ಸುಮಾರು 47. ಎರಡು ಕೋಟ್‌ಗೆ ಒಂಬತ್ತೂವರೆ ಲೀಟರ್ ಬೇಕು. 10 ಲೀಟರ್ ತಂದರೆ ಉಳಿಯುವುದು ಅರ್ಧ ಲೀಟರ್ ಅಷ್ಟೇ, ಆದ್ದರಿಂದ ಇನ್ನೊಂದು ಲೀಟರ್ ಸೇರಿಸಿ ತರಿಸಿ. ಛಾವಣಿಗೆ ಬೇರೆ 4 ಲೀಟರ್. ಗಾಢ ಕೆಂಪು, ಹಳದಿ ಬಣ್ಣಗಳು ಎರಡು ಕೋಟ್‌ನಲ್ಲಿ ಮುಚ್ಚುವುದು ಅಪರೂಪ. ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣುತ್ತದೆಂದು ಅಂಥದ್ದನ್ನು ಆರಿಸಿದರೆ ಮೂರನೆಯ ಕೋಟ್‌ಗೂ ಸಮಯ ಇಟ್ಟುಕೊಂಡಿದ್ದಾರೆಯೇ ಎಂದು ಕೇಳಿ.

ಇನ್ನೊಂದು ವಿಷಯ: ಕ್ಯಾಮೆರಾ ನಿಲ್ಲುವ ಕಡೆಯ ಗೋಡೆ ದೃಶ್ಯದಲ್ಲಿ ಕಡಿಮೆ ಕಾಣುತ್ತದೆ. ಸಮಯ ಸಾಲದಾದಾಗ ಕಡಿತ ಬೀಳುವುದು ಅಲ್ಲಿಗೇ. ನಾಲ್ಕೂ ಗೋಡೆಗೆ ಒಂದೇ ಸಂಖ್ಯೆಯ ಕೋಟ್ ಎಂದು ಬಾಯಿಬಿಟ್ಟು ಹೇಳಿ.

ಬಣ್ಣವಾದ ಮೇಲೆ ಕೋಣೆಯನ್ನು ಯಾವಾಗ ಬಳಸಬಹುದು?

ಮುಟ್ಟಿದರೆ ಕೈಗೆ ಹತ್ತದಷ್ಟು ಒಣಗಲು ಒಂದು ಗಂಟೆ, ಮುಂದಿನ ಕೋಟ್‌ಗೆ ಎರಡರಿಂದ ನಾಲ್ಕು ಗಂಟೆ ಬೇಕು. ಮಳೆಗಾಲದಲ್ಲಿ ಇದಕ್ಕಿಂತ ಹೆಚ್ಚು. ಆದರೆ ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಪದರ ಪೂರ್ತಿ ಗಟ್ಟಿಯಾಗಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಕುರ್ಚಿಯ ಬೆನ್ನನ್ನು ಗೋಡೆಗೆ ಆನಿಸಬೇಡಿ. ಅಂಟಿಸುವ ಕೊಕ್ಕೆಗಳನ್ನು ಕನಿಷ್ಠ ಏಳು ದಿನ ಹಾಕಬೇಡಿ, ಹಾಕಿದರೆ ಭಾರಕ್ಕೆ ಬಣ್ಣವನ್ನೂ ಕಿತ್ತುಕೊಂಡು ಬೀಳುತ್ತವೆ. ಕಿಟಕಿಗಳನ್ನು ಎದುರುಬದುರಾಗಿ ತೆರೆದಿಡಿ. ಉಬ್ಬಸ ಇರುವವರು, ಗರ್ಭಿಣಿಯರು ವಾಸನೆ ಪೂರ್ತಿ ಹೋಗುವವರೆಗೆ ಆ ಕಡೆ ಹೋಗದಿರುವುದು ಒಳ್ಳೆಯದು.

ದೀಪ, ಯಂತ್ರಗಳ ಹೊರೆಯನ್ನು ನಮ್ಮ ವಿದ್ಯುತ್ ಲೈನ್ ತಡೆಯುತ್ತದೆಯೇ?

230 ವೋಲ್ಟ್‌ನ 16 ಆಂಪಿಯರ್ ಲೈನು ಹೆಚ್ಚೆಂದರೆ 3,680 ವ್ಯಾಟ್ ಹೊರುತ್ತದೆ. ಹಳೆಯ ಮಾದರಿಯ ಬಿಸಿಯಾಗುವ ಚಿತ್ರೀಕರಣ ದೀಪ ಒಂದೊಂದೇ 1,000ದಿಂದ 2,000 ವ್ಯಾಟ್ ಎಳೆಯುತ್ತದೆ, ಎಲ್‌ಇಡಿ ದೀಪಗಳು ಅದಕ್ಕಿಂತ ಎಷ್ಟೋ ಕಡಿಮೆ. ಕಂಪ್ಯೂಟರ್‌ಗಳಿರುವ ಲೈನಿನಿಂದ ತಂಡಕ್ಕೆ ಕರೆಂಟ್ ಕೊಡಬೇಡಿ. ಯಾವ ಎಂಸಿಬಿ (ಹೊರೆ ಮೀರಿದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಯಾವ ಪ್ಲಗ್‌ಗೆ ಸೇರಿದ್ದು ಎಂದು ಗೊತ್ತಿರುವ ಎಲೆಕ್ಟ್ರಿಷಿಯನ್ ಒಬ್ಬರು ಅಂದು ಕಟ್ಟಡದಲ್ಲೇ ಇರಲಿ.

ತಂಡ ಹೋದ ಮೇಲಿನ ಲೆಕ್ಕವನ್ನೂ ಮಾಡಿ. ಚೆಂದ ಕಾಣಲೆಂದು ಕೆಟಲ್, ಮೈಕ್ರೊವೇವ್, ಕಾಫಿ ಯಂತ್ರವನ್ನು ಒಂದೇ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿರುತ್ತಾರೆ. 2,000, 1,400, 1,200 ಕೂಡಿಸಿದರೆ 4,600 ವ್ಯಾಟ್ ಆಯಿತು. ಊಟದ ಹೊತ್ತಿಗೆ ಮೂರೂ ಒಟ್ಟಿಗೆ ನಡೆದಾಗ ಎಂಸಿಬಿ ಬೀಳಬಹುದು. ಎರಡು ಬೇರೆ ಲೈನು ಬೇಕೆಂದು ಗೋಡೆಗೆ ಬಣ್ಣ ಹೊಡೆಯುವ ಮೊದಲೇ ಹೇಳಬೇಕು. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದನ್ನು ಸಿಕ್ಕಿಸಿ ಹಲಗೆಯ ಹಿಂದೆ ಬಚ್ಚಿಡುವುದಕ್ಕೆ ಒಪ್ಪಬೇಡಿ.

ಬೆಂಕಿ ಸುರಕ್ಷತೆಯಲ್ಲಿ ಏನು ತಪ್ಪುತ್ತದೆ?

ಹೊಗೆ ಪತ್ತೆ ಸಾಧನ ಎಲ್ಲಕ್ಕಿಂತ ಮೊದಲು ನೆನಪಿಗೆ ಬರಬೇಕು. ಹುಡಿಗೆ ಅಲಾರಂ ಹೊಡೆಯದಿರಲೆಂದು ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ ಟೇಪ್ ಸುತ್ತುತ್ತಾರೆ. ಕೆಲಸ ಮುಗಿದ ಸಂಜೆ ಎಲ್ಲರಿಗೂ ಚಿತ್ರೀಕರಣದ ಧಾವಂತ, ಬಿಳಿ ಛಾವಣಿಯಲ್ಲಿ ಬಿಳಿ ಚೀಲ ಯಾರ ಕಣ್ಣಿಗೂ ಬೀಳುವುದಿಲ್ಲ. ಎಣಿಸಿ ಕಟ್ಟಿಸಿ, ಎಣಿಸಿ ಬಿಚ್ಚಿಸಿ. ಪ್ರತಿದಿನ ಕೆಲಸ ನಿಂತ ಕೂಡಲೇ ಬಿಚ್ಚುವುದು ಸರಿಯಾದ ಪದ್ಧತಿ.

ಛಾವಣಿಯಿಂದ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ತಲೆಗಳಿಗೆ ಬಣ್ಣದ ಒಂದು ಹನಿಯೂ ತಾಗಬಾರದು. ಶಾಖಕ್ಕೆ ಒಡೆಯಬೇಕಾದ ಗಾಜಿನ ಕೊಳವೆ ಬಣ್ಣದ ಪದರದಿಂದಾಗಿ ತಡವಾಗಿ ಒಡೆಯುತ್ತದೆ, ಕೆಲವೊಮ್ಮೆ ಒಡೆಯುವುದೇ ಇಲ್ಲ. ತಾಗಿದ್ದರೆ ಒರೆಸಲು ಹೋಗದೆ ಆ ತಲೆಯನ್ನೇ ಬದಲಿಸಬೇಕು. ಅದರ ಕೆಳಗೆ ಕನಿಷ್ಠ 45 ಸೆಂಟಿಮೀಟರ್ ಖಾಲಿ ಇರಲಿ. ಎತ್ತರದ ಕಪಾಟು, ತೂಗುಬಿಟ್ಟ ಬಟ್ಟೆಯ ಅಲಂಕಾರ ಆ ಜಾಗವನ್ನು ತಿನ್ನಬಾರದು. ಬೆಂಕಿ ಆರಿಸುವ ಸಿಲಿಂಡರ್ ಮತ್ತು ಹೊರದಾರಿಯ ಫಲಕ ಕಣ್ಣಿಗೆ ಹಿತವಾಗಿ ಕಾಣುವುದಿಲ್ಲವೆಂದು ಗಿಡದ ಹಿಂದೆ ಸರಿಸಿದ್ದರೆ, ಅವನ್ನು ಮೊದಲಿನ ಜಾಗಕ್ಕೇ ತನ್ನಿ. ಪರದೆ ಬಟ್ಟೆ ಬೆಂಕಿ ತಡೆಯುವ ಸಂಸ್ಕರಣೆ ಆದದ್ದೇ ಎಂದು ಕೇಳಿ. ಒಗೆದರೆ ಆ ಗುಣ ಹೋಗುವ ಬಟ್ಟೆಗಳೂ ಇವೆ, ಒಗೆಯುವ ವಿಧಾನವನ್ನೂ ಬರೆಸಿಕೊಳ್ಳಿ.

ಗೋಡೆಗೆ ಹಾಕಿದ ಶೆಲ್ಫ್ ಎಷ್ಟು ಭಾರ ತಡೆಯುತ್ತದೆ?

ಮೊದಲು ನೀವು ಇಡುವ ಭಾರ ಎಷ್ಟೆಂದು ನೋಡಿ. ಒಂದು ಎ4 ಹಾಳೆ ಸುಮಾರು 5 ಗ್ರಾಂ. 500 ಹಾಳೆಯ ದಪ್ಪ ಕಡತವೊಂದು ರಟ್ಟು ಸೇರಿ ಮೂರು ಕಿಲೋ ಹತ್ತಿರ. ಒಂದು ಮೀಟರ್ ಉದ್ದಕ್ಕೆ ಹನ್ನೆರಡು ಕಡತ ಹಿಡಿಯುತ್ತವೆ, ಅಂದರೆ ಸುಮಾರು 36 ಕಿಲೋ. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಯಲ್ಲಿ ಸರಿಯಾದ ಪ್ಲಗ್ (ಸ್ಕ್ರೂ ಹಿಡಿಯಲೆಂದು ತೂತಿಗೆ ಹಾಕುವ ಕೊಳವೆ), ಸ್ಕ್ರೂ ಹಾಕಿದರೆ ಇದು ದೊಡ್ಡ ಭಾರವಲ್ಲ. ಜಿಪ್ಸಮ್ ಬೋರ್ಡಿನ ಗೋಡೆಯಾದರೆ ಒಳಗಿನ ಚೌಕಟ್ಟಿಗೇ ಸ್ಕ್ರೂ ಹೋಗಬೇಕು, ಬರೀ ಬೋರ್ಡಿಗೆ ಹಾಕಿದ್ದು ನಿಧಾನವಾಗಿ ಜಾರಿ, ಒಂದು ದಿನ ಪೂರ್ತಿ ಕಿತ್ತುಬರುತ್ತದೆ. 18 ಮಿಲಿಮೀಟರ್ ಹಲಗೆಗೆ 60ರಿಂದ 80 ಸೆಂಟಿಮೀಟರ್‌ಗೆ ಒಂದು ಆಧಾರ ಇಲ್ಲದಿದ್ದರೆ ನಡು ಬಾಗುತ್ತದೆ. ಚಿತ್ರೀಕರಣದಲ್ಲಿ ಅದೇ ಶೆಲ್ಫಿನ ಮೇಲೆ ಇದ್ದದ್ದು ಎರಡು ಹೂದಾನಿ ಮಾತ್ರ ಎಂಬುದು ನೆನಪಿರಲಿ.

ಎತ್ತರದ ಕಪಾಟುಗಳನ್ನು ತಲೆಯ ಭಾಗದಲ್ಲಿ ಗೋಡೆಗೆ ಬಿಗಿಸಲೇಬೇಕು. ಸಿಂಕ್ ಪಕ್ಕದ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಕಪಾಟಿನ ಕೆಳ ಅಂಚನ್ನು ಬೆರಳಿನಿಂದ ಸವರಿ ನೋಡಿ. ಅಂಚುಪಟ್ಟಿ ಇಲ್ಲದೆ ಒರಟಾಗಿದ್ದರೆ ಅದು ನೀರು ಕುಡಿದು ಬಿಸ್ಕತ್ತಿನಂತೆ ಉಬ್ಬುತ್ತದೆ. ಆಮೇಲೆ ಬಾಗಿಲು ಮುಚ್ಚುವುದಿಲ್ಲ.

ನೆಲಕ್ಕೆ ಹೊಸ ಹಾಸು ಹಾಕಿದರೆ ಏನು ನೋಡಬೇಕು?

ಲ್ಯಾಮಿನೇಟ್ ಹಲಗೆಗಳ ಪೆಟ್ಟಿಗೆ 48 ಗಂಟೆ ಮೊದಲೇ ಅದೇ ಕೋಣೆಗೆ ಬಂದಿರಬೇಕು, ಅಲ್ಲಿನ ತೇವಕ್ಕೂ ಬಿಸಿಗೂ ಹೊಂದಿಕೊಳ್ಳಲು. ಗೋಡೆಯ ಸುತ್ತ 8ರಿಂದ 10 ಮಿಲಿಮೀಟರ್ ಸಂದಿ ಬಿಡಬೇಕು. ಲಾರಿಯಿಂದ ಇಳಿಸಿದ ಕೂಡಲೇ ಗೋಡೆಗೆ ಒತ್ತಿ ಹಾಸಿದ್ದು ಹಿಗ್ಗಿ ನಡುವೆ ಗೂನಿನಂತೆ ಏಳುತ್ತದೆ. ವಿನೈಲ್ ಹಾಸಿನ ಕೆಳಗೆ ಒಂದು ಕಾಳು ಮರಳಿದ್ದರೂ ಮೇಲೆ ಎದ್ದು ಕಾಣುತ್ತದೆ. ಅಂಟಿಸಿದ ವಿನೈಲ್ ಮೇಲೆ ಫ್ರಿಜ್‌ನಂಥ ಭಾರವನ್ನು ಎರಡು ಮೂರು ದಿನ ಎಳೆಯಬೇಡಿ.

ಟಿವಿಯಲ್ಲಿ ಬೆಳಗುತ್ತಿದ್ದ ಕೋಣೆ ಆಮೇಲೆ ಮಂಕಾಗಿ ಕಾಣುವುದೇಕೆ?

ಅಂದು ಬೆಳಗಿದ್ದು ತಂಡದ ದೀಪಗಳು, ಅವು ಹೋದವು. ಐರೋಪ್ಯ ಮಾನದಂಡ ಇಎನ್ 12464-1ರ ಪ್ರಕಾರ ಓದಿ ಬರೆಯುವ ಮೇಜಿಗೆ 500 ಲಕ್ಸ್ (ಬೀಳುವ ಬೆಳಕಿನ ಅಳತೆ), ಕ್ಯಾಂಟೀನಿಗೆ 200 ಲಕ್ಸ್ ಬೆಳಕು ಬೇಕು. ಗಾಢ ಬಣ್ಣದ ಗೋಡೆ ಬೆಳಕನ್ನು ನುಂಗುತ್ತದೆ, ಹಳೆಯ ದೀಪಗಳೇ ಉಳಿದರೆ ಕೋಣೆ ಮೊದಲಿಗಿಂತ ಕತ್ತಲೆಯಾಗುತ್ತದೆ. ವಿಶ್ರಾಂತಿಗೆ 3000 ಕೆಲ್ವಿನ್‌ನ ಹಳದಿ ಛಾಯೆಯ ದೀಪ, ಸಭೆಗೆ 4000 ಕೆಲ್ವಿನ್‌ನ ಬಿಳಿ ದೀಪ ಹಿತ. ಬಣ್ಣ ಆರಿಸುವಾಗ ಕಾರ್ಡಿನಲ್ಲಿ ನೋಡದೆ, ದೊಡ್ಡ ಹಾಳೆಗೆ ಬಳಿದು ನಿಮ್ಮದೇ ದೀಪದ ಕೆಳಗೆ ಸಂಜೆ ನೋಡಿ.

ಹೊಸ ಕೋಣೆಯಲ್ಲಿ ಮಾತು ಗುಂಯ್‌ಗುಡುತ್ತದೆ, ಯಾಕೆ?

ಕಾರ್ಪೆಟ್, ದಪ್ಪ ಪರದೆ ತೆಗೆದು ಗಾಜು, ನುಣುಪು ನೆಲ ಹಾಕಿದ್ದರಿಂದ. ಒಮ್ಮೆ ಚಪ್ಪಾಳೆ ತಟ್ಟಿ, ಸದ್ದಿಗೆ ಬಾಲ ಬಂದರೆ ಮೆತ್ತನೆಯ ವಸ್ತು ಸಾಲದು ಎಂದರ್ಥ. ಛಾವಣಿಗೋ ಎದುರುಬದುರು ಗೋಡೆಗಳಲ್ಲಿ ಒಂದಕ್ಕೋ 25ರಿಂದ 50 ಮಿಲಿಮೀಟರ್ ದಪ್ಪದ ಶಬ್ದ ಹೀರುವ ಹಲಗೆ ಹಾಕಿಸಿ. ತೆಳ್ಳನೆಯ ಸ್ಪಂಜಿನ ಹಾಳೆಗಳಿಂದ ಹೆಚ್ಚು ಉಪಯೋಗವಿಲ್ಲ.

ಚಿತ್ರೀಕರಣದ ದಿನ ಫ್ರಿಜ್, ಎಸಿ ಯಾಕೆ ಆರಿಸುತ್ತಾರೆ?

ಅವುಗಳ ಗುಂಯ್ ಸದ್ದು ಮೈಕಿಗೆ ಸಿಗುತ್ತದೆ, ಸಂಕಲನದಲ್ಲಿ ತೆಗೆಯುವುದು ಕಷ್ಟ. ಮತ್ತೆ ಹಾಕಲು ಮರೆತರೆ ಬೆಳಗ್ಗೆಯ ಹೊತ್ತಿಗೆ ಹಾಲು ಒಡೆದಿರುತ್ತದೆ. ಇದಕ್ಕೆ ಧ್ವನಿ ವಿಭಾಗದವರಲ್ಲಿ ಒಂದು ಒಳ್ಳೆಯ ರೂಢಿ ಇದೆ: ಫ್ರಿಜ್ ಆರಿಸಿದವರು ತಮ್ಮ ಗಾಡಿಯ ಕೀಲಿಯನ್ನು ಅದರೊಳಗೇ ಇಡುತ್ತಾರೆ. ಮನೆಗೆ ಹೊರಡಬೇಕಾದರೆ ಫ್ರಿಜ್ ತೆರೆಯಲೇಬೇಕು. ಯಾರಾದರೂ ಸಿಬ್ಬಂದಿಯ ಇನ್ಸುಲಿನ್ ಫ್ರಿಜ್‌ನಲ್ಲಿ ಇರುತ್ತದಾದರೆ ಅದಕ್ಕೆ ಬೇರೆ ಏರ್ಪಾಡು ಮೊದಲೇ ಆಗಲಿ.

ಅಂದು ಎಂಥ ಬಟ್ಟೆ ಹಾಕಿಕೊಳ್ಳಬೇಕು?

ಸಣ್ಣ ಗೆರೆ, ಸಣ್ಣ ಚೌಕಳಿ ಬೇಡ, ಪರದೆಯಲ್ಲಿ ಅಲೆ ಅಲೆಯಾಗಿ ಮಿನುಗುತ್ತವೆ. ಕಂಪನಿಯ ಗುರುತು ದೊಡ್ಡದಾಗಿರುವ ಅಂಗಿಯೂ ಬೇಡ.

ಹೊಸ ಕೋಣೆ ನೋಡಿದಾಗಿನ ಅಚ್ಚರಿ ನಿಜವಾದದ್ದೇ?

ಮೊದಲ ಸಲದ್ದು ನಿಜ. ಅದಕ್ಕಾಗಿಯೇ ಕೋಣೆಗೆ ಬೀಗ ಹಾಕಿ, ಕಿಟಕಿಗೆ ಕಾಗದ ಅಂಟಿಸಿರುತ್ತಾರೆ. ಆಮೇಲೆ ಬೇರೆ ಬೇರೆ ಕೋನಗಳಿಂದ ತೆಗೆಯಲು ಮತ್ತೆ ಮತ್ತೆ ಒಳಗೆ ಬರಲು ಹೇಳುತ್ತಾರೆ, ಒಂದೆರಡು ಗಂಟೆ ಹಿಡಿಯಬಹುದು. ಆದರೆ ವಿದ್ಯುತ್ತು, ಬೆಂಕಿ ಸುರಕ್ಷತೆ ನೋಡಿಕೊಳ್ಳುವ ಒಬ್ಬರಿಗೆ ಮಾತ್ರ ಮೊದಲಿನಿಂದಲೂ ಒಳಗೆ ಪ್ರವೇಶ ಇರಬೇಕು. ಅಚ್ಚರಿ ಕೆಡುತ್ತದೆ ಎಂಬ ಕಾರಣಕ್ಕೆ ಇದನ್ನು ಬಿಟ್ಟುಕೊಡಬೇಡಿ.

ತಂಡ ಹೊರಡುವ ಮುನ್ನ ಏನೇನು ಪರೀಕ್ಷಿಸಬೇಕು?

ಕೋಣೆಯ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಬೆಳಕನ್ನು ಗೋಡೆಯುದ್ದಕ್ಕೂ ಬಿಡಿ. ನೇರ ಬೆಳಕಿನಲ್ಲಿ ಕಾಣದ ಉಬ್ಬು, ತಗ್ಗು, ರೋಲರ್ ಗೆರೆ ಎಲ್ಲ ನೆರಳಾಗಿ ಮೂಡುತ್ತವೆ. ಎಲ್ಲ ಡ್ರಾಯರ್ ಎಳೆದು ಮುಚ್ಚಿ. ಪ್ರತಿ ಪ್ಲಗ್‌ಗೂ ಫೋನ್ ಚಾರ್ಜರ್ ಹಾಕಿ ನೋಡಿ. ಪ್ರತಿ ಕುರ್ಚಿಯಲ್ಲೂ ಕೂತು ಎದ್ದು ಬನ್ನಿ, ನೋಟಕ್ಕೆ ಆರಿಸಿದ ಕುರ್ಚಿಗಳ ಎತ್ತರ ಮೇಜಿಗೆ ಹೊಂದದಿರುವುದು ತೀರ ಸಾಮಾನ್ಯ. ಗಾಲಿಕುರ್ಚಿ ಬಳಸುವವರು ಬಾಗಿಲಿನಿಂದ ಸಿಂಕ್‌ವರೆಗೆ ಸಲೀಸಾಗಿ ಹೋಗಬಹುದೇ ಎಂದು ಅವರನ್ನೇ ಕೇಳಿ. ಕಂಡ ಕೊರತೆಗಳನ್ನು ಬರೆದು, ಯಾರು ಎಂದಿನೊಳಗೆ ಸರಿಪಡಿಸುತ್ತಾರೆ ಎಂಬುದರ ಎದುರು ಸಹಿ ಹಾಕಿಸಿ. ಲಾರಿ ಹೊರಟ ಮೇಲೆ ಆ ಕೆಲಸಗಾರರೆಲ್ಲ ಬೇರೊಂದು ಸಂಚಿಕೆಗೆ ಹೋಗಿರುತ್ತಾರೆ.

ಕೋಣೆ ನಮಗೆ ಇಷ್ಟವಾಗದಿದ್ದರೆ?

ಒಪ್ಪಂದದಲ್ಲಿ ತಡೆ ಇಲ್ಲದಿದ್ದರೆ ಪ್ರಸಾರವಾದ ಮೇಲೆ ಬದಲಿಸಿಕೊಳ್ಳಬಹುದು. ಆದರೂ ಒಂದು ತಿಂಗಳು ಬಳಸಿ ನೋಡಿ. ಆಗಲೂ ಬೇಸರ ಉಳಿದರೆ ಒಂದೊಂದನ್ನೇ ಬದಲಿಸಿ: ಮೊದಲು ದೀಪ, ಆಮೇಲೆ ಕುರ್ಚಿ, ಕೊನೆಗೆ ಗೋಡೆ. ಬಣ್ಣದ ಮೇಲಿನ ಸಿಟ್ಟಿಗೆ ಬಹಳ ಸಲ ದೀಪವೇ ಕಾರಣವಾಗಿರುತ್ತದೆ.

ಗೋಡೆಗೆ ಗೀರು ಬಿದ್ದರೆ ಮುಂದೆ ಹೇಗೆ ಸರಿಮಾಡುವುದು?

ಅದಕ್ಕೇ ಉಳಿದ ಬಣ್ಣವನ್ನು ಕೇಳಿ ಇಟ್ಟುಕೊಳ್ಳಬೇಕು. ಡಬ್ಬಿಯ ಮೇಲೆ ಬಣ್ಣದ ಸಂಖ್ಯೆ, ಹೊಳಪಿನ ಬಗೆ, ಯಾವ ಗೋಡೆ, ಯಾವ ದಿನಾಂಕ ಎಂದು ಬರೆದು, ಮುಚ್ಚಳ ಬಿಗಿಯಾಗಿ ಕೂರಿಸಿ, ಬಿಸಿಲು ಬೀಳದ ಕಡೆ ಇಡಿ. ಹೊಡೆದದ್ದು ರೋಲರ್‌ನಿಂದಾದರೆ ತೇಪೆಯೂ ಸಣ್ಣ ರೋಲರ್‌ನಿಂದಲೇ ಆಗಲಿ, ಕುಂಚದ ಗೆರೆ ಬೇರೆಯಾಗಿ ಕಾಣುತ್ತದೆ. ಗೀರನ್ನು ಪುಟ್ಟಿಯಿಂದ ತುಂಬಿ, ಒಣಗಿದ ಮೇಲೆ ಉಜ್ಜಿ, ಅಷ್ಟು ಜಾಗಕ್ಕೆ ಮಾತ್ರ ಪ್ರೈಮರ್ ಹಚ್ಚಿ, ಬಣ್ಣವನ್ನು ತೆಳುವಾಗಿ ಎರಡು ಸಲ ಹೊಡೆಯಿರಿ, ಅಂಚನ್ನು ಒಣ ರೋಲರ್‌ನಿಂದ ಹೊರಕ್ಕೆ ಸವರಿಬಿಡಿ. ವರ್ಷ ದಾಟಿದ ಗೋಡೆಯಾಗಿದ್ದರೆ ಬಣ್ಣ ಸ್ವಲ್ಪ ಮಾಸಿರುತ್ತದೆ, ಆಗ ತೇಪೆ ಬಿಟ್ಟು ಮೂಲೆಯಿಂದ ಮೂಲೆಗೆ ಇಡೀ ಗೋಡೆಯನ್ನೇ ಹೊಡೆಯಿರಿ.